ಬೆಂಕಿ ಆರಿಸುವವರ ಜೊತೆ ಕೂತು ಮಾತಾಡಿ

ಮಾನ್ಯರೇ,

ಏಪ್ರಿಲ್ 14 ಬಂದರೆ ಎಲ್ಲರಿಗೂ ಅಗ್ನಿಶಾಮಕ ಸಿಬ್ಬಂದಿಯ ನೆನಪಾಗುತ್ತದೆ. 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಜೀವ ಕೊಟ್ಟವರಿಗೆ ಗೌರವ ಸಲ್ಲಿಸುತ್ತೇವೆ, ಒಂದಿಷ್ಟು ಭಾಷಣ ಆಗುತ್ತದೆ, ಅಲ್ಲಿಗೆ ಮುಗಿಯಿತು. ಅವರ ಡ್ಯೂಟಿ ಎಷ್ಟು ಗಂಟೆ ಇರಬೇಕು, ರಜೆ ಎಷ್ಟು, ಎಂಥ ಬೂಟು, ಎಂಥ ಹೆಲ್ಮೆಟ್ಟು ಅನ್ನೋದನ್ನು ತೀರ್ಮಾನಿಸುವಾಗ ಮಾತ್ರ ಅವರನ್ನು ಯಾರೂ ಕೂರಿಸಿಕೊಂಡು ಕೇಳುವುದಿಲ್ಲ. ಮನವಿ ಕೊಡಬೇಕು, ಕಾಯಬೇಕು.

ಬೇಸಿಗೆಯಲ್ಲಿ ನಮ್ಮ ಚಿತ್ರದುರ್ಗದ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಇವರ ಕೆಲಸ ನೋಡಬೇಕು. ಮೇಲಿಂದ ನೀರು ಹೊಡೆದರೆ ಸಾಲದು, ಬೆಂಕಿ ಒಳಗೊಳಗೇ ಇರುತ್ತದೆ. ಕೊಕ್ಕೆ ಹಾಕಿ ಹುಲ್ಲು ಎಳೆದು, ಹರವಿ, ಪದರ ಪದರಕ್ಕೂ ನೀರು ಹಾಯಿಸಬೇಕು. ಕಣ್ಣು, ಮೂಗು, ಗಂಟಲು ತುಂಬ ಹೊಗೆ. ಇದು ಮುಗಿಯುವಷ್ಟರಲ್ಲಿ ಜೋಗಿಮಟ್ಟಿ ಗುಡ್ಡದ ಕಡೆ ಹುಲ್ಲಿಗೆ ಬೆಂಕಿ ಅಂತಲೋ, ಹೆದ್ದಾರಿಯಲ್ಲಿ ಲಾರಿ ಉರಿಯುತ್ತಿದೆ ಅಂತಲೋ ಇನ್ನೊಂದು ಕರೆ ಬಂದರೆ ಅಲ್ಲಿಗೂ ಇವರೇ ಓಡಬೇಕು. ಇಂಥ ಕೆಲಸಕ್ಕೆ ಎಷ್ಟು ಜನ ಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪಕ್ಕದ ದಾವಣಗೆರೆಯ ಹತ್ತಿ ಮಿಲ್ಲುಗಳಲ್ಲಿ ಯೂನಿಯನ್ನುಗಳು ಗಟ್ಟಿಯಾಗಿದ್ದ ಕಾಲ ಹಿರಿಯರಿಗೆ ನೆನಪಿದೆ. ಕೂಲಿ, ಬೋನಸ್ಸು ಅಂತ ಜಗಳ ಜೋರಾಗಿಯೇ ಇರುತ್ತಿತ್ತು. ಆದರೆ ಎರಡೂ ಕಡೆಯವರು ಸಹಿ ಹಾಕಿದರೆ ಅದಕ್ಕೊಂದು ಬೆಲೆ ಇತ್ತು. ಮನವಿಯನ್ನು ಫೈಲಿಗೆ ಸೇರಿಸಿ ಸುಮ್ಮನಿರಬಹುದು, ಒಪ್ಪಂದ ಮುರಿದರೆ ಉತ್ತರ ಹೇಳಬೇಕಾಗುತ್ತದೆ.

'ನಾಳೆ ಇವರು ಮುಷ್ಕರಕ್ಕೆ ಇಳಿದರೆ ಊರಿಗೆ ಯಾರು ಗತಿ?' ಅಂತ ಕೇಳುವವರಿದ್ದಾರೆ. ಭಯ ಸುಳ್ಳಲ್ಲ. ಬ್ರಿಟನ್ನಿನಲ್ಲಿ 1977-78ರಲ್ಲಿ ಅಗ್ನಿಶಾಮಕರು ಸಂಬಳಕ್ಕಾಗಿ ಒಂಬತ್ತು ವಾರ ಕೆಲಸ ನಿಲ್ಲಿಸಿದ್ದರು, ಸೈನಿಕರು ಬೆಂಕಿ ಆರಿಸಬೇಕಾಯಿತು. ಆಮೇಲೆ ಸಂಬಳ ಲೆಕ್ಕ ಹಾಕಲು ಒಂದು ಸೂತ್ರ ಮಾಡಿಕೊಂಡರು. ಮತ್ತೆ ದೇಶವ್ಯಾಪಿ ಮುಷ್ಕರ ಆಗಿದ್ದು 2002ರಲ್ಲಿ. ನಮ್ಮಲ್ಲಂತೂ ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿಬಿಟ್ಟಿದೆ. ಮುಷ್ಕರವೂ ಬೇಡ, ಮಾತುಕತೆಯೂ ಬೇಡ ಅಂದರೆ ಅವರು ಏನು ಮಾಡಬೇಕು?

ದಾರಿ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 1966ರಿಂದಲೇ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ, ಅಂದರೆ ಸರ್ಕಾರದವರೂ ನೌಕರರ ಪ್ರತಿನಿಧಿಗಳೂ ಒಟ್ಟಿಗೆ ಕೂತು ಮಾತಾಡುವ ಏರ್ಪಾಡು. ಸಂಬಳ, ವಾರದ ಕೆಲಸದ ಗಂಟೆ, ರಜೆ, ಈ ಮೂರರಲ್ಲಿ ಒಮ್ಮತ ಬರದಿದ್ದರೆ ವಿಷಯ ಕಡ್ಡಾಯ ಮಧ್ಯಸ್ಥಿಕೆಗೆ, ಅಂದರೆ ಮೂರನೆಯವರ ತೀರ್ಪಿಗೆ, ಹೋಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಗ್ನಿಶಾಮಕರಿಗೂ ಪೊಲೀಸರಿಗೂ ಇಂಥದ್ದೇ ಕಾನೂನು 1968ರಲ್ಲೇ ಬಂತು. ಸಂಘ ಕಟ್ಟುವ, ಒಟ್ಟಾಗಿ ಮಾತುಕತೆ ನಡೆಸುವ ಹಕ್ಕಿನ ಬಗ್ಗೆ ಇರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳು ಕೂಡ ಸೇನೆ ಮತ್ತು ಪೊಲೀಸರ ವಿಚಾರವನ್ನಷ್ಟೇ ಆಯಾ ದೇಶದ ಕಾನೂನಿಗೆ ಬಿಟ್ಟಿವೆ, ಅಗ್ನಿಶಾಮಕರನ್ನು ಆ ಸಾಲಿಗೆ ಸೇರಿಸಿಲ್ಲ. ಭಾರತ ಇನ್ನೂ ಈ ಎರಡನ್ನೂ ಅನುಮೋದಿಸಿಲ್ಲ, ಅದು ಬೇರೆ ಕಥೆ.

ರಾಜ್ಯ ಸರ್ಕಾರ ಅಗ್ನಿಶಾಮಕ ಸಿಬ್ಬಂದಿಗೆಂದೇ ಇಂಥದ್ದೊಂದು ಮಾತುಕತೆಯ ಸಮಿತಿ ಮಾಡಲಿ. ಅದರಲ್ಲಿ ಅಧಿಕಾರಿಗಳಷ್ಟೇ ಅಲ್ಲ, ಹೋಸ್ ಪೈಪ್ ಹಿಡಿಯುವವರು ಆರಿಸಿ ಕಳಿಸಿದ ಪ್ರತಿನಿಧಿಗಳೂ ಇರಲಿ. ಮೊದಲ ಸಭೆ ಡ್ಯೂಟಿ ಗಂಟೆ ಮತ್ತು ರಕ್ಷಣಾ ಸಾಮಗ್ರಿಯ ಬಗ್ಗೆಯೇ ಆಗಲಿ, ಅದೂ ಬೇಸಿಗೆ ಶುರುವಾಗುವ ಮುಂಚೆ.

– ಒಬ್ಬ ಓದುಗ, ಚಿತ್ರದುರ್ಗ