ಇನ್ನೊಬ್ಬ ಅಪ್ಪ ಬರೆದ ಪತ್ರ

ಹ್ಯಾನೋವರ್, ನ್ಯೂ ಹ್ಯಾಂಪ್‌ಶೈರ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ?

ಹಳೇ ಕಾಗದ ಓದೋದೂ ಒಂದು ಕೆಲಸವಾ ಅಂತ ಫೋನಿನಲ್ಲಿ ಕೇಳಿದ್ರಲ್ಲ, ಅವತ್ತು ಸರಿಯಾಗಿ ಹೇಳಲು ಆಗಲಿಲ್ಲ. ಈ ವಾರ ಓದಿದ ಒಂದು ಪತ್ರದ ಬಗ್ಗೆ ನಿಮಗೆ ಬರೆಯಲೇಬೇಕು.

ಇಲ್ಲಿನ ಡಾರ್ಟ್‌ಮತ್ ಕಾಲೇಜಿಗೂ ಮೊದಲು ಒಂದು ಶಾಲೆ ಇತ್ತು. 1754ರಲ್ಲಿ ಕನೆಕ್ಟಿಕಟ್‌ನ ಲೆಬನನ್ ಎಂಬ ಊರಲ್ಲಿ ಎಲಿಯೇಜರ್ ವೀಲಾಕ್ ಎಂಬ ಪಾದ್ರಿ ಶುರು ಮಾಡಿದ್ದು. ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ ತೆರೆದ ಶಾಲೆ. ಅಲ್ಲಿಗೆ ಬಂದ ಪತ್ರಗಳು ಇವತ್ತಿಗೂ ಉಳಿದಿವೆ. ವೀಲಾಕ್ ಅವರನ್ನು ತರಾಟೆಗೆ ತೆಗೆದುಕೊಂಡ ಪತ್ರಗಳೂ ಉಳಿದಿವೆ.

ಅಂಥದ್ದೊಂದು 1767ರ ಪತ್ರ. ಬರೆದವರು ನರಗ್ಯಾನ್ಸೆಟ್ ಎಂಬ ಮೂಲನಿವಾಸಿ ಜನಾಂಗದ ಜಾನ್ ಡ್ಯಾನಿಯಲ್. ಅವರ ಮಗ ಚಾರ್ಲ್ಸ್ ಆ ಶಾಲೆಯಲ್ಲಿದ್ದ. ಓದಲು ಕಳಿಸಿದ ಮಗನನ್ನು ಹೊಲದ ಕೆಲಸಕ್ಕೆ ಹಚ್ಚಿದ್ದಾರೆ ಎಂಬುದು ಅಪ್ಪನ ದೂರು. ಬೇಸಾಯವನ್ನು ನಾನೇ ಕಲಿಸಬಲ್ಲೆ, ಅವನ ದುಡಿಮೆಯ ಲಾಭವಾದರೂ ನನಗೆ ಸಿಗುತ್ತದೆ ಎಂದು ನೇರವಾಗಿ ಬರೆದಿದ್ದಾರೆ.

ಅಪ್ಪಾ, ಅದನ್ನು ಓದಿ ಸುಮ್ನೆ ಕೂತುಬಿಟ್ಟೆ. ಏಳನೇ ಕ್ಲಾಸಿನಲ್ಲಿ ಹಾಸ್ಟೆಲ್ ವಾರ್ಡನ್ ಮನೆಯ ಪಾತ್ರೆ ತೊಳೆಯಲು ನಮ್ಮನ್ನು ಕಳಿಸುತ್ತಿದ್ದಾಗ ನೀವೊಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ರಿ. 'ಪಾತ್ರೆ ತೊಳೆಯೋದು ನಮ್ಮ ಮನೆಯಲ್ಲೇ ಕಲಿಸ್ತೀವಿ' ಅಂತ. ಆಗ ನನಗೆ ನಾಚಿಕೆಯಾಗಿತ್ತು. ಈಗ ಕಣ್ಣು ತುಂಬಿ ಬಂತು.

ಆ ಶಾಲೆಗೆ ದುಡ್ಡು ತಂದವರ ಕಥೆ ಇನ್ನೂ ಸಂಕಟದ್ದು. ಸ್ಯಾಮ್ಸನ್ ಆಕಮ್ ಮೊಹಿಗನ್ ಜನಾಂಗದವರು, ವೀಲಾಕ್ ಅವರ ಹಳೆಯ ಶಿಷ್ಯ. ಹೆಂಡತಿ ಮಕ್ಕಳನ್ನು ಬಿಟ್ಟು ಹಡಗು ಹತ್ತಿ, 1766ರಿಂದ 1768ರವರೆಗೆ ಬ್ರಿಟನ್ ತುಂಬಾ ತಿರುಗಿ, 300ಕ್ಕೂ ಜಾಸ್ತಿ ಪ್ರವಚನ ಕೊಟ್ಟರು. ಕೂಡಿದ್ದು ಸುಮಾರು 12,000 ಪೌಂಡ್. ರಾಜ ಮೂರನೇ ಜಾರ್ಜ್ ಕೂಡ 200 ಪೌಂಡ್ ಕೊಟ್ಟಿದ್ದ. ಮೂಲನಿವಾಸಿ ಮಕ್ಕಳ ಹೆಸರಲ್ಲಿ ಕೂಡಿಸಿದ ಆ ದುಡ್ಡು ವೀಲಾಕ್ ಕಟ್ಟಿದ ಹೊಸ ಡಾರ್ಟ್‌ಮತ್ ಕಾಲೇಜಿಗೆ ಹೋಯಿತು. ಕಾಲೇಜಿನ 1769ರ ಸನ್ನದಿನಲ್ಲಿ ಮೂಲನಿವಾಸಿ ಮಕ್ಕಳ ಹೆಸರೇ ಮೊದಲು ಇದೆ. ಆದರೆ ಮೊದಲ 200 ವರ್ಷಗಳಲ್ಲಿ ಅಲ್ಲಿ ಪದವಿ ಪಡೆದ ಮೂಲನಿವಾಸಿಗಳು 19 ಮಂದಿ ಮಾತ್ರ.

ಆಕಮ್‌ಗೆ ಇದು 1771ರಲ್ಲೇ ಗೊತ್ತಾಗಿತ್ತು. ಕಾಲೇಜನ್ನು ಆಲ್ಮಾ ಮೇಟರ್ ಅನ್ನುತ್ತಾರಲ್ಲ, ಹಾಲೂಡಿಸುವ ತಾಯಿ ಅಂತ. ಲ್ಯಾಟಿನ್ನಿನಲ್ಲಿ ಆಲ್ಬಾ ಅಂದರೆ ಬಿಳಿ. ನಿಮ್ಮ ಕಾಲೇಜು ಆಲ್ಮಾ ಆಗುವ ಬದಲು ಆಲ್ಬಾ ಆಗಿ, ನಮ್ಮ ಕಂದು ಮಕ್ಕಳಿಗೆ ಹಾಲೂಡಿಸುವುದಿಲ್ಲವೇನೋ ಎಂದು ಗುರುಗಳಿಗೇ ಬರೆದರು. ಎಷ್ಟು ಧೈರ್ಯ ಬೇಕು ಅಲ್ವಾ!

ಆಕಮ್ ಅವರ ಕಾಗದಪತ್ರಗಳನ್ನು ಕಾಲೇಜು 2022ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್‌ನ ಮೊಹಿಗನ್ ಜನರಿಗೆ ಮರಳಿಸಿತು. ನಾನು ಓದುವುದು ಅವುಗಳ ಪ್ರತಿ. ಅದೇ ಸರಿ ಅನ್ನಿಸುತ್ತದೆ. ಅಸಲಿ ಕಾಗದ ಮನೆಯವರ ಹತ್ತಿರವೇ ಇರಲಿ.

ನೀವು ಏನು ಬರೆದರೂ ಮೊದಲು ಕಚ್ಚಾ ಪ್ರತಿ ಮಾಡ್ತಿದ್ರಿ. ವಾರ್ಡನ್‌ಗೆ ಬರೆದದ್ದರ ಕಚ್ಚಾ ಪ್ರತಿ ನಿಮ್ಮ ಟ್ರಂಕಿನಲ್ಲಿ ಇರಬಹುದು. ಸಿಕ್ಕರೆ ತೆಗೆದಿಡಿ. ಸಂಕ್ರಾಂತಿಗೆ ಬಂದಾಗ ಓದುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು