ಸ್ವೆಟರ್ ತುಂಡುಗಳನ್ನು ಜೋಡಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಬೆನ್ನಿನ ತುಂಡು ಮುಗಿಸಿದವರು ಮುಂಭಾಗ ಶುರು ಮಾಡುವ ಮುಂಚೆ ಇದನ್ನು ದಯವಿಟ್ಟು ಓದಿ.

ಕಂಕುಳವರೆಗೆ ಎಷ್ಟು ಸಾಲು ಹೆಣೆದಿದ್ದೀರಿ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಟೇಪ್ ನಂಬಬೇಡಿ, ಉಣ್ಣೆ ಎಳೆದ ಹಾಗೆ ಉದ್ದವಾಗುತ್ತದೆ. ಮುಂಭಾಗಕ್ಕೂ ಅಷ್ಟೇ ಸಾಲು ಬೇಕು. ನನ್ನ ಮೊದಲ ಸ್ವೆಟರಿನಲ್ಲಿ ಆರು ಸಾಲು ಜಾಸ್ತಿ ಆಗಿ, ಪಕ್ಕದ ಹೊಲಿಗೆ ಪೂರ್ತಿ ಸುಕ್ಕಾಯಿತು. ಬಿಚ್ಚಲೇಬೇಕಾಯಿತು.

ಎರಡು ತೋಳನ್ನೂ ಒಂದೇ ಕಡ್ಡಿಯ ಮೇಲೆ, ಎರಡು ಉಂಡೆ ನೂಲಿನಿಂದ ಒಟ್ಟಿಗೆ ಹೆಣೆಯಿರಿ. ಅಳತೆ ತಾನಾಗೇ ಸಮ ಬರುತ್ತದೆ.

ಉಬ್ಬು ತಗ್ಗಿನ ವಿನ್ಯಾಸ ಅಂಚಿನ ತನಕ ಬೇಡ. ಎರಡೂ ತುದಿಯ ಒಂದೊಂದು ಕುಣಿಕೆಯನ್ನು ಸೀದಾ ಬದಿಯಲ್ಲಿ (ಹಾಕಿಕೊಂಡಾಗ ಹೊರಗೆ ಕಾಣುವ ಬದಿ) ಸೀದಾ ಹೆಣಿಗೆ (ನಿಟ್), ಹಿಂಬದಿಯಲ್ಲಿ ಉಲ್ಟಾ ಹೆಣಿಗೆ (ಪರ್ಲ್) ಹಾಕಿ. ಆ ಕುಣಿಕೆ ಹೊಲಿಗೆಯೊಳಗೆ ಹೋಗುತ್ತದೆ, ಅಗಲದ ಲೆಕ್ಕಕ್ಕೆ ಹಿಡಿಯಬೇಡಿ.

ತುಂಡುಗಳನ್ನು ನೆನೆಸಿ, ಅಳತೆಗೆ ಹರಡಿ ಪಿನ್ ಹಾಕಿ ಒಣಗಿಸಿ. ಇಸ್ತ್ರಿ ಮಾತ್ರ ಬೇಡ, ಉಬ್ಬೆಲ್ಲಾ ಚಪ್ಪಟೆಯಾಗುತ್ತದೆ.

ಹೊಲಿಯುವಾಗ ಸೀದಾ ಬದಿ ಮೇಲಿರಲಿ. ಅಂಚಿನ ಕುಣಿಕೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದರೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ, ಅಲ್ವಾ? ಎರಡು ತುಂಡನ್ನೂ ಅಕ್ಕಪಕ್ಕ ಇಟ್ಟು, ಸೂಜಿಯಿಂದ ಈ ತುಂಡಿನ ಒಂದು ಎಳೆ, ಆ ತುಂಡಿನ ಒಂದು ಎಳೆ ಎತ್ತುತ್ತಾ ಹೋಗಿ. ನಾಲ್ಕೈದು ಸಾಲಿಗೊಮ್ಮೆ ನೂಲನ್ನು ಮೆಲ್ಲಗೆ ಎಳೆಯಿರಿ. ಅಂಚು ಒಳಗೆ ಮಡಚಿಕೊಂಡು, ಹೊಲಿಗೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಅದನ್ನು ನೋಡುವುದೇ ಒಂದು ಖುಷಿ!

ಮೊದಲು ಭುಜ, ಆಮೇಲೆ ತೋಳು, ಕೊನೆಗೆ ಮಣಿಕಟ್ಟಿನಿಂದ ಕಂಕುಳ ದಾಟಿ ಕೆಳ ಅಂಚಿನವರೆಗೆ ಒಂದೇ ಹೊಲಿಗೆ. ಸಾಲಿನ ಲೆಕ್ಕ ತಾಳೆಯಾಗದಿದ್ದರೆ ಸುಮ್ನೆ ಎಳೆದು ಕೂಡಿಸಬೇಡಿ, ಫೋಟೋ ಹಾಕಿ, ಒಟ್ಟಿಗೆ ನೋಡೋಣ.