ಅಮ್ಮ ಮತ್ತೆ ಡೈರಿಗೆ ಹಾಲು ಹಾಕಿದಳು

ಇವತ್ತು ಬೆಳಿಗ್ಗೆ ಅಮ್ಮ ತಾನೇ ಕ್ಯಾನು ಹಿಡಿದುಕೊಂಡು ಹೋಗಿ ಡೈರಿಗೆ ಹಾಲು ಹಾಕಿ ಬಂದಳು. ರಕ್ತಕ್ಕೆ ಸೋಂಕು ಹತ್ತಿ ಆಸ್ಪತ್ರೆ ಸೇರಿದ್ದವಳು, ಎರಡು ತಿಂಗಳಾದ ಮೇಲೆ. ಬೇಡ ಅಂದರೂ ಕೇಳಲಿಲ್ಲ. ಅದಕ್ಕೇ ಈ ಬರಹ. ಏನಾಯಿತು, ಎಲ್ಲಿ ಸೇರಿಸಿದೆವು, ಎಷ್ಟು ಖರ್ಚಾಯಿತು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಫೋನಿನಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ.

ಟೊಮ್ಯಾಟೊ ಮಂಡಿಯ ದುಡ್ಡು ಕೈಗೆ ಬಂದ ದಿನವೇ ತಂದುಕೊಟ್ಟ ಭಾವ, ಹದಿನೆಂಟು ದಿನ ನಮ್ಮ ದನ ನೋಡಿಕೊಂಡ ಪಕ್ಕದ ಮನೆಯವರು, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಹರಕೆ ಹೊತ್ತ ಚಿಕ್ಕಮ್ಮ (ಚೇಳಿಗೂ ಈ ಕಾಯಿಲೆಗೂ ಏನು ಸಂಬಂಧ ಅಂತ ಕೇಳಬೇಡಿ, ಅವಳು ಎಲ್ಲದಕ್ಕೂ ಅಲ್ಲಿಗೇ ಹೋಗುವುದು), ವಾರ್ಡಿನ ಸಿಸ್ಟರ್‌ಗಳು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ನಮ್ಮೂರ ಡೈರಿ ಸೆಕ್ರೆಟರಿ. ಹೆಸರು ಹಾಕಬೇಡ ಅಂದಿದ್ದಾರೆ.

ಅವರಿಗೂ ನನಗೂ ಎಂಟು ತಿಂಗಳಿಂದ ಮಾತಿರಲಿಲ್ಲ. ನಮ್ಮ ಕೆಂಪು ಹಸುವಿಗೆ ಕೆಚ್ಚಲು ಬಾವು ಬಂದಾಗ ನಾನೇ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಸೂಜಿ ಹಾಕಿದ್ದೆ. ಮಾರನೇ ದಿನ ಹಾಲು ತೆಗೆದುಕೊಂಡು ಹೋದರೆ ಸಾಲಿನಲ್ಲಿ ನಿಂತವರೆಲ್ಲರ ಎದುರಿಗೇ ವಾಪಸ್ ಕಳಿಸಿದರು. "ಔಷಧದ ಹಾಲು ಬೇಡ. ನಂಬಿಕೆ ಇಲ್ಲದಿದ್ದರೆ ಹೆಪ್ಪು ಹಾಕಿ ನೋಡು" ಅಂದರು. ಅಮ್ಮ ಹಾಕಿ ನೋಡಿದಳು. ಬೆಳಿಗ್ಗೆ ಎದ್ದರೆ ಹಾಲು ಹಾಲಾಗೇ ಇತ್ತು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾವನ್ನು ಆ ಔಷಧ ಎದ್ದೇಳಲು ಬಿಟ್ಟಿರಲಿಲ್ಲ. ಅರ್ಥವಾಯಿತು, ಆದರೂ ಅವಮಾನ ಹೋಗಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆ.

ಅಮ್ಮನ ಬಿಪಿ ಇಳಿದು ಐಸಿಯುಗೆ ಹಾಕಿದ ಆ ರಾತ್ರಿ ನಾನು ಯಾರ್ಯಾರಿಗೆ ಫೋನ್ ಮಾಡಿದೆ ಅಂತ ನೆನಪಿಲ್ಲ. ಬಂದವರು ಅವರು. ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಬ್ಲಡ್ ಕಲ್ಚರ್ ವರದಿ ಅವತ್ತು ಸಂಜೆಯೇ ಕೈಗೆ ಸಿಕ್ಕಿತ್ತು. ಔಷಧದ ಹೆಸರಿನ ಮುಂದೆ ಎಸ್ ಅಂತಿದ್ದರೆ ಅದು ಕೆಲಸ ಮಾಡುತ್ತದೆ, ಆರ್ ಅಂತಿದ್ದರೆ ಮಾಡುವುದಿಲ್ಲ. ಮೇಲಿಂದ ಕೆಳಗಿನವರೆಗೆ ಆರ್, ಆರ್, ಆರ್. ಡಾಕ್ಟರ್ ಬರೆದುಕೊಟ್ಟ ಇಂಜೆಕ್ಷನ್ ಹತ್ತಿರದಲ್ಲಿ ಸಿಗಲಿಲ್ಲ. ರಾತ್ರಿ ಒಂದು ಗಂಟೆಗೆ ಬೈಕ್ ಹತ್ತಿ, ಕೋಲಾರವೆಲ್ಲ ಸುತ್ತಿ, ಮುಚ್ಚಿದ ಅಂಗಡಿಯ ಶಟರ್ ಬಡಿದು ತಂದವರು ಇವರೇ.

ಆಮೇಲೆ ಬಂದು ಬೆಂಚಿನ ಮೇಲೆ ಕೂತರು. ಧೈರ್ಯ ಹೇಳಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ಬ್ಯಾಗಿನಿಂದ ಬಟವಾಡೆ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟು, "ನಾಳೆ ಬಟವಾಡೆ, ಇದನ್ನ ಕೂಡು" ಅಂದರು. ಲೀಟರು, ಫ್ಯಾಟು, ರೂಪಾಯಿ. ಸುಮ್ನೆ ಕೂಡುತ್ತಾ ಹೋದೆ.

ಮೊದಲ ದಿನ ಡಾಕ್ಟರ್ ಕೇಳಿದ್ದೇ ಮನೆಯಲ್ಲಿ ದನ ಇವೆಯಾ, ಹಸಿ ಹಾಲು ಕುಡಿಯುತ್ತೀರಾ ಅಂತ. ಹಸು ದಿನ ತುಂಬದೆ ಕಂದು ಹಾಕುವ ರೋಗ ಇದೆಯಲ್ಲ, ಬ್ರುಸೆಲ್ಲಾ, ಅದು ಮನುಷ್ಯರಿಗೂ ಬಂದು ಬಿಟ್ಟು ಬಿಟ್ಟು ಜ್ವರ ಬರಿಸುತ್ತದೆ. ಅದಲ್ಲ ಅಂತ ಆಯಿತು. ಸಿಕ್ಕಿದ್ದು ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ. ದನದ ಕರುಳಲ್ಲೂ ಕೋಳಿ ಕರುಳಲ್ಲೂ ನಮ್ಮ ಕರುಳಲ್ಲೂ ಇರುವಂಥದ್ದು. ಇದು ಕೊಟ್ಟಿಗೆಯಿಂದ ಬಂತಾ, ಇಲ್ಲ ಅಮ್ಮ ಮೈ ಬಿಸಿಯಾದಾಗಲೆಲ್ಲ ಕೇಳದೆ ನುಂಗುತ್ತಿದ್ದ ಮಾತ್ರೆಗಳಿಂದ ಹೀಗೆ ಬಲಿತಿತಾ, ಹೇಳುವುದಕ್ಕೆ ಆಗುವುದಿಲ್ಲ ಅಂತ ಡಾಕ್ಟರ್ ನೇರವಾಗಿಯೇ ಹೇಳಿದ್ದರು. ಆದರೂ ಆ ಬೆಂಚಿನ ಮೇಲೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಕೊಟ್ಟಿಗೆಯ ಗೂಡಿನಲ್ಲಿ ಅರ್ಧ ಉಳಿದ ಸೂಜಿಮದ್ದಿನ ಬಾಟಲಿ. ಬಾವು ಇಳಿಯಿತು ಅಂತ ಎರಡೇ ದಿನಕ್ಕೆ ನಿಲ್ಲಿಸಿದ್ದೆ. ಅದೇ ಕೈಯಲ್ಲಿ ಅಮ್ಮ ಹಾಲು ಕರೆದಿದ್ದಳು, ಮುದ್ದೆ ತಟ್ಟಿದ್ದಳು. ನಾನೇ ಅಮ್ಮನ್ನ ಕೊಂದೆ ಅಂತ ಗಟ್ಟಿಯಾಗಿ ಅಂದುಬಿಟ್ಟೆ. ಅಳು ಬಂತು. ಎದುರಿನ ಬೆಂಚಿನಲ್ಲಿ ಮಲಗಿದ್ದವರು ಎದ್ದು ನೋಡಿದರು.

ಸೆಕ್ರೆಟರಿ ಸ್ವಲ್ಪ ಹೊತ್ತು ಬಿಟ್ಟು, "ಮೇಲಿನ ಸಾಲು ಎಷ್ಟು ಬಂತು?" ಅಂದರು.

ನಾಲ್ಕೂವರೆಗೆ ಎದ್ದು ಹೊರಟರು, ಆರಕ್ಕೆ ಹಾಲು ಅಳೆಯಬೇಕಲ್ಲ. ಒಂಬತ್ತಕ್ಕೆ ಇಡ್ಲಿ ಕಟ್ಟಿಸಿಕೊಂಡು ಮತ್ತೆ ಬಂದರು. ಅಷ್ಟರಲ್ಲಿ ಬಿಪಿ ಇಳಿಯುವುದು ನಿಂತಿತ್ತು.

ಊರಿಗೆ ಬಂದ ಮೇಲೆ ದನದ ಡಾಕ್ಟರ್ ಮನೆಗೇ ಬಂದು ಎಷ್ಟೋ ಹೊತ್ತು ಕೂತು ಬಿಡಿಸಿ ಹೇಳಿದರು, ಅವರಿಗೂ ಥ್ಯಾಂಕ್ಸ್. ಅರ್ಧಂಬರ್ಧ ಔಷಧಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಾ ತಾನು ಕಲಿತದ್ದನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದಂತೆ, ನಾವು ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಮನುಷ್ಯರಿಗೆ ಕೊನೆಯಲ್ಲಿ ಬೇಕಾಗುತ್ತದೆ ಅಂತ ಎತ್ತಿಟ್ಟಿರುವ ಕೊಲಿಸ್ಟಿನ್ ಅನ್ನುವ ಔಷಧವನ್ನು ಕೋಳಿ ಬೇಗ ದಪ್ಪ ಆಗಲಿ ಅಂತ ಮೇವಿಗೆ ಬೆರೆಸುತ್ತಿದ್ದರಂತೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಗೂಡಿನಲ್ಲಿದ್ದ ಬಾಟಲಿಯನ್ನು ಅವತ್ತೇ ಅವರ ಕೈಗೆ ಕೊಟ್ಟೆ.

ಹೋದ ವಾರ ಕೆಂಪು ಹಸುವಿಗೆ ಮತ್ತೆ ಬಾವು ಬಂದಿತ್ತು. ಈ ಸಲ ಡಾಕ್ಟರ್ ಹೇಳಿದಷ್ಟು ದಿನವೂ ಸೂಜಿ ಹಾಕಿಸಿದೆ, ಅವರು ಸಾಕು ಅನ್ನುವವರೆಗೆ ಅದರ ಹಾಲನ್ನು ಗುಂಡಿಗೆ ಚೆಲ್ಲಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಇವತ್ತು ಅಮ್ಮ ಹಾಕಿದ್ದು ಕಪ್ಪು ಹಸುವಿನ ಹಾಲು.

ಹಾಲು ಅಳೆದು ಚೀಟಿ ಕೊಡುವಾಗ ಸೆಕ್ರೆಟರಿ ಅಮ್ಮನಿಗೆ ಹೇಳಿದರಂತೆ, "ನಿಮ್ಮ ಮಗನಿಗೆ ಕೂಡುವುದಕ್ಕೇ ಬರಲ್ಲ. ಆ ರಾತ್ರಿ ಮೂರು ಕಡೆ ತಪ್ಪು ಮಾಡಿದ್ದ, ಬಟವಾಡೆ ದಿನ ಕೂತು ನಾನೇ ತಿದ್ದಿದೆ."